ಕಾಲ ಕೆಟ್ಟಿತೆಂದು ಗುದ್ದಲಿ ಕೆಳಗಿಡಬಹುದೆ?

(ಬ್ಲಾಕಿನ ರೈತ ಶಿಬಿರದಲ್ಲಿ ನಿವೃತ್ತ ಕೃಷಿ ಸಹಾಯಕರೊಬ್ಬರು ಮಾಡಿದ ಭಾಷಣ)



ಈ ದಿನ ನಾನು ಗೊಬ್ಬರದ ಗುಂಡಿಯ ವಿಷಯವಾಗಿ ಮಾತನಾಡುವೆನೆಂದು ಕಾರ್ಯಕ್ರಮದ ಪಟ್ಟಿಯಲ್ಲಿ ಅಚ್ಚಾಗಿದೆ. ಅಧ್ಯಕ್ಷರ ಅಪ್ಪಣೆ ಪಡೆದು ಅದನ್ನು ಮುಂದಿನ ಸಾರಿಗೆ ಇಟ್ಟುಕೊಂಡಿದ್ದೇನೆ. ಗುಂಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಹೋದ ತಿಂಗಳು ಒಂದು ಹೊಲದಲ್ಲಿ ಕೇಳಿದ ಮಾತು ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ಅದಕ್ಕೆ ಉತ್ತರ ಹೇಳದೆ ಬೇರೆ ಮಾತಾಡುವುದು ನನಗೆ ಸರಿದೋರಲಿಲ್ಲ.

ಕೃಷಿ ಹೊಂಡಕ್ಕೆ ಜಾಗ ಗುರುತಿಸಲು ಯಜಮಾನರೊಬ್ಬರ ಹೊಲಕ್ಕೆ ಹೋಗಿದ್ದೆವು. ಹಗ್ಗ ಹಿಡಿದು ಅಳೆದು, ನಾಲ್ಕು ಮೂಲೆಗೂ ಗೂಟ ಹೊಡೆದೆವು. ಅವರು ಬದುವಿನ ಮೇಲೆ ಕುಳಿತು ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಅವರು ಹೇಳಿದರು: "ಸ್ವಾಮಿ, ಕಾಲವೇ ಕೆಟ್ಟೋದ ಮೇಲೆ ಹೊಂಡ ತೋಡಿ ಏನು ಮಾಡಾನ? ನನ್ನ ಮಗ ಫೋನಿನಾಗೆ ತೋರಿಸ್ದ. ಇನ್ನು ಸ್ವಲ್ಪ ವರ್ಷಕ್ಕೆ ಭೂಮಿಯೇ ಬೆಂದೋಗ್ತದಂತೆ. ಹೊಲ ಮಾರಿ ಪಟ್ಟಣ ಸೇರಾನ ಅಂತಾನೆ." ಹೀಗೆಂದು ಗುದ್ದಲಿಯನ್ನು ಹೆಗಲಿಗೇರಿಸಿ ಮನೆಗೆ ಹೊರಟುಬಿಟ್ಟರು. ನಮಗೆ ಕುಡಿಯಲು ಮಜ್ಜಿಗೆ ಕಳುಹಿಸಿದರು, ಅದು ಬೇರೆ ಮಾತು. ಹೊಂಡದ ಕೆಲಸ ಮಾತ್ರ ಅಲ್ಲಿಗೇ ನಿಂತಿತು.

ಅವರು ಸೋಮಾರಿಯಲ್ಲ. ಕಲ್ಲುಭೂಮಿಯನ್ನು ಹಸನುಮಾಡಿ ರಾಗಿ ಬೆಳೆದ ಕೈ ಅದು. ಅಂಥವರೇ ಕೈಬಿಟ್ಟರೆಂದರೆ ವಿಷಯ ಸಣ್ಣದಲ್ಲ. ಆದುದರಿಂದ ಅವರ ಮಾತಿನಲ್ಲಿ ನಿಜವೆಷ್ಟು, ತಪ್ಪೆಷ್ಟು ಎಂಬುದನ್ನು ಈ ದಿನ ವಿಚಾರ ಮಾಡೋಣ.

ಮೊದಲು ನಿಜ. ಮಳೆಯ ನಡೆ ಕೆಟ್ಟಿರುವುದು ಅವರ ಭ್ರಮೆಯಲ್ಲ. 2022ರಲ್ಲಿ ನಮ್ಮ ತುಮಕೂರು ಸೀಮೆಯ ಕೆರೆಗಳು ಕೋಡಿ ಬಿದ್ದುದನ್ನು ನೀವೇ ಹೋಗಿ ನೋಡಿ, ಪೂಜೆ ಮಾಡಿ ಬಂದಿರಿ. ಮಾರನೆಯ ವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಿತು. ಕಾದ ಗಾಳಿ ಹೆಚ್ಚು ನೀರನ್ನು ಹಿಡಿದಿಡುತ್ತದೆ. ಒಂದು ಡಿಗ್ರಿ ಕಾವು ಏರಿದರೆ ಸುಮಾರು ನೂರಕ್ಕೆ ಏಳು ಪಾಲು ಹೆಚ್ಚು. ಆದುದರಿಂದ ಮಳೆ ಸುರಿಯುವಾಗ ಒಮ್ಮೆಗೇ ಸುರಿಯುತ್ತದೆ, ಇಲ್ಲದಾಗ ನೆಲವನ್ನು ಹೀರಿಬಿಡುತ್ತದೆ. ತಿಂಗಳ ಮಳೆ ಎರಡು ದಿನದಲ್ಲಿ ಬಂದು, ಆಮೇಲೆ ಆರು ವಾರ ಮುಖ ತೋರಿಸದಿರುವುದು ಇದರಿಂದಲೇ.

ಇದರ ಮೂಲ ಕಲ್ಲಿದ್ದಲು ಮತ್ತು ಎಣ್ಣೆ. ಇವನ್ನು ಸುಟ್ಟಾಗ ಹೊರಡುವ ಇಂಗಾಲದ ಡೈ ಆಕ್ಸೈಡ್ (ನಾವು ಓದಿದ ಪುಸ್ತಕದಲ್ಲಿ ಇಂಗಾಲಾಮ್ಲವೆಂದು ಇದ್ದಿತು) ಭೂಮಿಗೆ ಕಂಬಳಿ ಹೊದಿಸಿದಂತೆ ಕಾವನ್ನು ಹಿಡಿದಿಡುತ್ತದೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇದು ಸುಮಾರು 280 ಪಾಲು ಇದ್ದಿತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಶಾಂತಸಾಗರದ ಹವಾಯಿ ದ್ವೀಪದ ಬೆಟ್ಟದ ಮೇಲೆ ಅಳೆಯಲು ಪ್ರಾರಂಭಿಸಿದಾಗ ಸುಮಾರು 315 ಆಗಿದ್ದಿತು. ಈಗ 420ನ್ನು ದಾಟಿದೆ. 2024ನೆಯ ಇಸವಿ, ಅಳತೆ ಇಟ್ಟಂದಿನಿಂದ ಅತಿ ಬಿಸಿಯಾದ ವರ್ಷ. ಇಲ್ಲಿಯವರೆಗೆ ಯಜಮಾನರ ಮಾತು ಸರಿ.

ಈಗ ತಪ್ಪು ಯಾವುದೆಂದು ಹೇಳುತ್ತೇನೆ. ಇದು ಒಂದು ದಿನ ಇದ್ದಕ್ಕಿದ್ದಂತೆ "ಮುಗಿಯಿತು" ಎನ್ನುವಂಥ ಸಂಗತಿಯಲ್ಲ. ಕೆರೆಯ ಏರಿಯಲ್ಲಿ ಬಿಲ ಬಿದ್ದು ನೀರು ಸೋರುತ್ತಿದೆ ಎಂದಿಟ್ಟುಕೊಳ್ಳಿ. ಅರ್ಧ ಕೆರೆ ಹೋಯಿತು, ಇನ್ನು ಮುಚ್ಚಿ ಏನು ಫಲ ಎಂದು ಯಾವ ಊರಿನವರಾದರೂ ಸುಮ್ಮನಿರುತ್ತಾರೆಯೆ? ಉಳಿದ ಅರ್ಧಕ್ಕಾಗಿಯೇ ಮಣ್ಣು ಹೊರುತ್ತಾರೆ. ತಾಪದ ಲೆಕ್ಕವೂ ಹೀಗೆಯೆ. ಅರ್ಧ ಡಿಗ್ರಿ ತಪ್ಪಿಸಿದರೆ ಅರ್ಧ ಡಿಗ್ರಿಯ ಕಷ್ಟ ತಪ್ಪಿತು. ಹತ್ತರಲ್ಲೊಂದು ಡಿಗ್ರಿ ತಪ್ಪಿಸಿದರೂ ಎಷ್ಟೋ ಹೊಲಗಳು ಉಳಿದವು. ಇನ್ನೊಂದು ಸಂಗತಿಯನ್ನು ಆ ಮಗನ ಫೋನು ತೋರಿಸಿದಂತಿಲ್ಲ. ಲೋಕವೆಲ್ಲ ಈ ಅನಿಲವನ್ನು ಗಾಳಿಗೆ ಸೇರಿಸುವುದನ್ನು ಪೂರ್ತಿ ನಿಲ್ಲಿಸಿದರೆ, ಕಾವು ಏರುವುದು ಕೆಲವೇ ವರ್ಷಗಳಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಬಂದ ಕಾವು ಬೇಗ ಇಳಿಯದು, ನಿಜ. ಆದರೆ ಏರುವುದು ನಿಲ್ಲುತ್ತದೆ. ಲಗಾಮು ಇನ್ನೂ ಮನುಷ್ಯನ ಕೈಯಲ್ಲಿದೆ ಎಂದರ್ಥ.

ಆ ಲಗಾಮನ್ನು ಯಾರಾದರೂ ಎಳೆದಿದ್ದಾರೆಯೆ ಎಂದು ನೀವು ಕೇಳಬಹುದು. ಎಳೆದಿದ್ದಾರೆ. ಶೀತಕ ಪೆಟ್ಟಿಗೆಗಳಲ್ಲಿ ಬಳಸುತ್ತಿದ್ದ ಕೆಲವು ಅನಿಲಗಳು ಆಕಾಶದ ಓಜೋನ್ ಪದರವನ್ನು ತಿನ್ನುತ್ತಿದ್ದವು. ದಕ್ಷಿಣ ಧ್ರುವದ ಮೇಲೆ ಅದು ತೀರ ತೆಳುವಾಗಿರುವುದು 1985ರಲ್ಲಿ ಪ್ರಕಟವಾಯಿತು. 1987ರಲ್ಲೇ ಮಾಂಟ್ರಿಯಲ್ ನಗರದಲ್ಲಿ ಒಪ್ಪಂದವಾಯಿತು. ಕ್ರಮೇಣ ಲೋಕದ ಎಲ್ಲ ದೇಶಗಳೂ ಸಹಿ ಹಾಕಿದವು. ಈಗ ಆ ಪದರ ಕೂಡಿಕೊಳ್ಳುತ್ತಿದೆ. ಮೊದಲು ಕಲ್ಲಿದ್ದಲು ಸುಟ್ಟು ಮೆರೆದ ದೇಶವಾದ ಬ್ರಿಟನ್, 1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತು ಮಾಡಲು ತೊಡಗಿ, 2024ರ ಸೆಪ್ಟೆಂಬರ್ 30ರಂದು ಅಂಥ ಕೊನೆಯ ಕೇಂದ್ರದ ಬಾಗಿಲು ಹಾಕಿತು.

ಅಷ್ಟು ದೂರ ಏಕೆ, ಪಾವಗಡಕ್ಕೆ ಹೋಗಿಬನ್ನಿ. ಮಳೆಗೆ ಬಾಯಿಬಿಟ್ಟು ಕುಳಿತಿದ್ದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಬಿಸಿಲಿನಿಂದ 2,050 ಮೆಗಾವಾಟ್ ವಿದ್ಯುತ್ತು ಮಾಡುವ ಏರ್ಪಾಡಾಗಿದೆ. ರೈತರು ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲಾಯಿತು. ಎಲ್ಲವೂ ಚೆನ್ನಾಯಿತೆಂದು ನಾನು ಹೇಳಲಾರೆ. ಭೂಮಿ ಇದ್ದವರಿಗೆ ಬಾಡಿಗೆ ಬಂತು; ಕೂಲಿಯನ್ನೇ ನಂಬಿದವರಿಗೂ ಕುರಿ ಕಾಯುವವರಿಗೂ ಕೆಲಸ ಮತ್ತು ಮೇವು ತಪ್ಪಿತು. ಮುಂದೆ ಇಂಥದು ನಮ್ಮ ಕಡೆ ಬಂದರೆ ಅವರ ಪಾಲನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಪಂಚಾಯಿತಿಯ ಕೆಲಸ. ಆದರೂ ಒಂದು ಮಾತು ಒಪ್ಪಬೇಕು. 2014ರಲ್ಲಿ ಇಡೀ ದೇಶದ ಸೌರ ವಿದ್ಯುತ್ತು 3,000 ಮೆಗಾವಾಟಿಗಿಂತ ಕಡಿಮೆ ಇದ್ದಿತು. 2025ರ ಜನವರಿಯಲ್ಲಿ 1 ಲಕ್ಷ ಮೆಗಾವಾಟನ್ನು ದಾಟಿತು. ನಮ್ಮನ್ನು ಸುಡುವ ಬಿಸಿಲೇ ಈಗ ಪಂಪುಸೆಟ್ಟನ್ನೂ ನಡೆಸುತ್ತಿದೆ.

ಇಷ್ಟೆಲ್ಲ ಆದರೂ ಲೋಕದಲ್ಲಿ ಕಲ್ಲಿದ್ದಲು ಸುಡುವುದು ಇನ್ನೂ ಇಳಿಮುಖವಾಗಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಿದರೆ ಅದು ಮೋಸ. ಆದರೆ ಹದಿನೈದು ವರ್ಷದ ಹಿಂದೆ ಈ ಶತಮಾನದ ಕೊನೆಗೆ ಲೋಕದ ಕಾವು 4 ಡಿಗ್ರಿಯ ಹತ್ತಿರ ಏರಬಹುದೆಂಬ ಅಂದಾಜಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2025ರ ವರದಿ, ಈಗಿನ ನಡೆಯೇ ಮುಂದುವರಿದರೆ 2.8 ಡಿಗ್ರಿ ಎನ್ನುತ್ತದೆ. 2.8 ಬಹಳ ಹೆಚ್ಚು. ಆದರೂ ನಡುವಣ ಆ ಒಂದು ಡಿಗ್ರಿ ತಾನಾಗಿ ಇಳಿದದ್ದಲ್ಲ, ಕೆಲಸ ಮಾಡಿ ಇಳಿಸಿದ್ದು.

"ಸುಟ್ಟವರು ಯಾರೋ, ಕಷ್ಟ ನಮಗೆ" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ನ್ಯಾಯವಾದ ಮಾತು. ಒಬ್ಬೊಬ್ಬರ ಲೆಕ್ಕದಲ್ಲಿ ನೋಡಿದರೆ ಭಾರತದವರು ಹೊರಬಿಡುವುದು ಲೋಕದ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ. ಆ ಜಗಳವನ್ನು ದೊಡ್ಡ ದೇಶಗಳೊಡನೆ ನಮ್ಮ ಸರ್ಕಾರ ಆಡಲಿ, ಆಡಲೇಬೇಕು. ಆದರೆ ತಪ್ಪು ಯಾರದೆಂದು ಕೇಳಿ ಮಳೆ ಬರುವುದಿಲ್ಲ. ಜಗಳ ತೀರುವವರೆಗೆ ರಾಗಿ ಬಿತ್ತದೆ ಇರಲಾಗುವುದೆ?

ರಾಗಿ ಎಂದಾಗ ನೆನಪಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರೆಂಬ ಮಹನೀಯರಿದ್ದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆಯುತ್ತಿದ್ದರು. ರಾಗಿಯ ಹೂ ಬಹು ಸಣ್ಣದು, ಸಂಕರ ಮಾಡುವುದು ಸುಲಭವಲ್ಲ. ಅವರು ವರ್ಷಾನುಗಟ್ಟಲೆ ಕುಳಿತು ಇಂಡಿಯಾದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅವರ ಹಾದಿಯಲ್ಲೇ ಮುಂದೆ ಬಂದ ತಳಿಗಳು ಇಂದು ನಿಮ್ಮ ಕಣಜದಲ್ಲಿವೆ. ಮಳೆ ತಡವಾಯಿತೆಂದು ಹೊಲವನ್ನು ಬೀಳು ಬಿಡಬೇಕಾಗಿಲ್ಲ. ಜುಲೈನಲ್ಲಿ ಹದವಾದರೆ ಜಿ.ಪಿ.ಯು. 28 ಅಥವಾ ಎಂ.ಎಲ್. 365 ಹಾಕಿ. ಆಗಸ್ಟಿಗೆ ಹೋಯಿತೆ, ಸುಮಾರು ನೂರು ದಿನಕ್ಕೆ ಬರುವ ಜಿ.ಪಿ.ಯು. 48 ಇದೆ. ಮಡಿಯಲ್ಲಿ ಸಸಿ ಬೆಳೆಸಿಕೊಂಡು, ಮಳೆ ಬಂದ ದಿನ ನಾಟಿ ಹಾಕುವುದೂ ಉಂಟು. ರೈತ ಸಂಪರ್ಕ ಕೇಂದ್ರದಲ್ಲಿ ಬೀಜದ ದಾಸ್ತಾನನ್ನು ಈಗಲೇ ವಿಚಾರಿಸಿ. ಮಳೆ ಬಂದ ಮೇಲೆ ಸಾಲು ನಿಂತರೆ ಹದ ಹೋಗಿರುತ್ತದೆ.

ಹೊಂಡದ ಲೆಕ್ಕವನ್ನೂ ಕೇಳಿ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರು ನೀರು. ಬಿರುಮಳೆಯಲ್ಲಿ ಅದರ ಐದನೆಯ ಒಂದು ಪಾಲು ಹರಿದುಹೋಯಿತೆಂದರೂ, ಮೂರು ಎಕರೆಯವನ ಹೊಲದಿಂದ 60,000 ಲೀಟರು ಹಳ್ಳ ಸೇರಿತು, ಜೊತೆಗೆ ಮೇಲ್ಮಣ್ಣೂ ಹೋಯಿತು. ಬದು ಹಾಕಿದರೆ ಮಣ್ಣು ನಿಲ್ಲುತ್ತದೆ. ಹೊಂಡವಿದ್ದರೆ ತೆನೆ ಬರುವ ಹೊತ್ತಿನಲ್ಲಿ ಒಂದು ನೀರು ಕೊಡಬಹುದು. ಆ ಒಂದು ನೀರು ಸಿಗದೆ ಬೆಳೆ ಜೊಳ್ಳಾದುದು ನಿಮಗೆಲ್ಲ ಗೊತ್ತು. ಮಳೆ ಒಮ್ಮೆಗೇ ಸುರಿಯುವ ಕಾಲ ಬಂದುದರಿಂದಲೇ ಹೊಂಡ ಬೇಕು. ಯಜಮಾನರು ಹೊಂಡ ಬೇಡವೆನ್ನಲು ಕೊಟ್ಟ ಕಾರಣವೇ ಹೊಂಡ ಬೇಕೆನ್ನಲು ನನಗೆ ಕಾರಣ.

ಕೆರೆ ಹಿಂದೆ ಬತ್ತ ಹಾಕುವವರಿಗೆ ಒಂದು ಮಾತು. ಗದ್ದೆಯಲ್ಲಿ ಸದಾ ನೀರು ನಿಂತರೆ ಕೆಸರಿನಿಂದ ಮೀಥೇನ್ ಎಂಬ ಅನಿಲ ಏಳುತ್ತದೆ. ಅದೂ ಕಾವು ಹಿಡಿಯುವ ಕಂಬಳಿಯೇ. ಇದಕ್ಕೆ ಫಿಲಿಪೈನ್ಸ್ ದೇಶದ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆ ಪ್ರಚಾರ ಮಾಡಿದ ಸುಲಭ ಉಪಾಯವಿದೆ. ಒಂದು ಅಡಿ ಉದ್ದದ ಪೈಪಿನ ಕೆಳಭಾಗಕ್ಕೆ ತೂತು ಕೊರೆದು, ಆ ಭಾಗವನ್ನು ಗದ್ದೆಯಲ್ಲಿ ಹುಗಿದು ಒಳಗಿನ ಮಣ್ಣು ತೆಗೆಯಿರಿ. ನೀರು ನೆಲಮಟ್ಟದಿಂದ ಅರ್ಧ ಅಡಿ ಕೆಳಕ್ಕೆ ಇಳಿದದ್ದು ಪೈಪಿನೊಳಗೆ ಕಂಡಾಗ ಮಾತ್ರ ಮತ್ತೆ ನೀರು ಕಟ್ಟಿ. ನಾಟಿಯಾದ ಮೊದಲ ಎರಡು ವಾರ ಮತ್ತು ಹೂ ಬಿಡುವ ಕಾಲದಲ್ಲಿ ಮಾತ್ರ ನೀರು ನಿಂತಿರಲಿ. ಕಳೆಯ ಮೇಲೆ ಒಂದು ಕಣ್ಣಿಡಬೇಕು. ಇಳುವರಿ ಕುಗ್ಗದೆ ನೀರಿನಲ್ಲಿ ನೂರಕ್ಕೆ 30ರವರೆಗೆ ಉಳಿತಾಯ, ಮೀಥೇನ್ ಅರ್ಧದಷ್ಟು ಇಳಿಯಬಹುದು. ಕೊನೆಯ ಗದ್ದೆಯವನಿಗೂ ನೀರು ಮುಟ್ಟಿದರೆ ತೂಬಿನ ಮುಂದೆ ನಡೆಯುವ ಜಗಳವೂ ಸ್ವಲ್ಪ ಇಳಿದೀತು.

ಗಿಡ ನೆಡುವುದರ ಬಗ್ಗೆ ಮಾತ್ರ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲಸದಲ್ಲಿದ್ದಾಗ ಒಂದು ವರ್ಷ ಇನ್ನೂರು ಸಸಿ ನೆಡಿಸಿದೆ. ಭಾಷಣವಾಯಿತು, ಫೋಟೋ ತೆಗೆಸಿಕೊಂಡೆವು, ಸಿಹಿ ಹಂಚಿದೆವು. ಯಾರು ನೀರು ಹಾಕುವರೆಂದು ಗೊತ್ತುಮಾಡಲು ನಾನು ಮರೆತೆ. ಮಾರನೆಯ ಯುಗಾದಿಗೆ ಎಣಿಸಿದರೆ ಒಂಬತ್ತು ಉಳಿದಿದ್ದವು. ಆಮೇಲೆ ಮಾಗಡಿ ತಾಲ್ಲೂಕಿಗೆ ಹೋಗಿ ಹುಲಿಕಲ್‌ನಿಂದ ಕುದೂರಿನ ಹಾದಿಯನ್ನು ನೋಡಿದೆ. ಕೂಲಿನಾಲಿ ಮಾಡುತ್ತಿದ್ದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಆ ನಾಲ್ಕು ಕಿಲೋಮೀಟರಿನ ಉದ್ದಕ್ಕೂ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಹಾಕಿ, ದನಕರು ಮೇಯದಂತೆ ಮುಳ್ಳು ಕಟ್ಟಿ ಬೆಳೆಸಿದರು. 385 ಮರಗಳೆಂದು ಲೆಕ್ಕ. ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ತೀರಿಕೊಂಡರು. ಮೊದಲ ವರ್ಷ ಅವರು ನೆಟ್ಟದ್ದು ಹತ್ತೇ ಸಸಿಯಂತೆ. ನನ್ನ ಇನ್ನೂರಕ್ಕಿಂತ ಆ ಹತ್ತು ಹೆಚ್ಚು.

ಯಜಮಾನರು ಈ ದಿನ ಶಿಬಿರಕ್ಕೆ ಬಂದಿದ್ದಾರೆ. ಅವರ ಹೆಸರು ಹೇಳುವುದಿಲ್ಲ. ಮಗನನ್ನೂ ಕರೆತಂದಿದ್ದಾರೆ, ಅದು ನನಗೆ ಸಂತೋಷ. ನಾವು ಹೊಡೆದ ಗೂಟಗಳನ್ನು ಅವರು ಇನ್ನೂ ಕಿತ್ತಿಲ್ಲವೆಂದು ಕೇಳಿದ್ದೇನೆ. ಊಟವಾದ ಮೇಲೆ ಮೂವರೂ ಒಟ್ಟಿಗೆ ಕುಳಿತು ಮಾತನಾಡೋಣ.

ಇನ್ನೊಂದು ಪ್ರಕಟಣೆ. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಈ ಊರ ಕೆರೆಗೆ ನೀರು ತರುವ ಕಾಲುವೆಯ ಹೂಳು ತೆಗೆಯುವ ಶ್ರಮದಾನವಿದೆ. ಮೇಲಿನ ತಿರುವಿನಲ್ಲಿ ಜಾಲಿ ಬೆಳೆದು ದಾರಿ ಕಟ್ಟಿದೆ, ಕುಡುಗೋಲು ಬೇಕಾಗುತ್ತದೆ. ಗುದ್ದಲಿ, ಬಾಂಡಲಿ ಇದ್ದವರು ತನ್ನಿರಿ. ತಿಂಡಿಯ ಏರ್ಪಾಡನ್ನು ಸ್ತ್ರೀಶಕ್ತಿ ಸಂಘದವರು ವಹಿಸಿಕೊಂಡಿದ್ದಾರೆ. ಎಷ್ಟು ಜನವೆಂಬುದನ್ನು ಶುಕ್ರವಾರದೊಳಗೆ ಅವರಿಗೆ ತಿಳಿಸಿರಿ.