ಒಬ್ಬ ಟೀಚರ್, ಹತ್ತು ಕೆಲಸ

ಮಗುವನ್ನು ಪ್ಲೇ ಹೋಮಿಗೆ ಸೇರಿಸಲು ಹೊರಟ ತಂದೆತಾಯಿ ಮೊದಲು ಫೀಸು ವಿಚಾರಿಸುತ್ತಾರೆ. ಆಮೇಲೆ ಗೋಡೆಯ ಚಿತ್ರ, ಜಾರುಬಂಡೆ, ಸಿಸಿ ಕ್ಯಾಮೆರಾ ನೋಡುತ್ತಾರೆ. ಒಬ್ಬ ಟೀಚರಿಗೆ ಎಷ್ಟು ಮಕ್ಕಳು, ಅವರ ಸಂಬಳವೆಷ್ಟು ಎಂದು ಕೇಳುವವರು ಕಡಿಮೆ. ಮೂರು ವರ್ಷದ ಮಗುವನ್ನು ನೋಡಿಕೊಳ್ಳುವುದರಲ್ಲಿ ನಿಜಕ್ಕೂ ದುಬಾರಿಯಾದದ್ದು ದೊಡ್ಡವರ ಸಮಯ.

ನಮ್ಮ ಅಂಗನವಾಡಿಯನ್ನೇ ನೋಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಿಂದ ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಮೂರರಿಂದ ಆರು ವರ್ಷದವರಿಗೆ ಅಂಗನವಾಡಿಯಲ್ಲಿ ಆಟ, ಪಾಠ, ಊಟ ಎಲ್ಲವೂ ಉಂಟು, ಫೀಸಿಲ್ಲ. ಆದರೆ ಹಾಡು ಹೇಳಿಕೊಡುವ ಕಾರ್ಯಕರ್ತೆಯೇ ಮಕ್ಕಳ ತೂಕ ನೋಡಬೇಕು, ಗರ್ಭಿಣಿ ಬಾಣಂತಿಯರನ್ನು ವಿಚಾರಿಸಬೇಕು, ಮನೆಮನೆಗೆ ಹೋಗಬೇಕು, ಲಸಿಕೆಗೆ ಜನರನ್ನು ಕರೆತರಬೇಕು, ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ವಿವರ ತುಂಬಬೇಕು. ಸಾಲದ್ದಕ್ಕೆ ಆಗಾಗ ಸರ್ವೆ. ಸಹಾಯಕಿಗೆ ಅಡುಗೆ, ಕಸಗುಡಿಸುವುದರಲ್ಲೇ ಹೊತ್ತು ಸರಿಯುತ್ತದೆ. ಇಷ್ಟಕ್ಕೂ ಕಾರ್ಯಕರ್ತೆಗೆ ಸಿಗುವುದು ಗೌರವಧನ. 2018ರಲ್ಲಿ ಕೇಂದ್ರ ಸರ್ಕಾರ ಅದನ್ನು ತಿಂಗಳಿಗೆ 3,000ದಿಂದ 4,500 ರೂಪಾಯಿಗೆ ಏರಿಸಿತು. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ.

ಈ ಹೊರೆಯನ್ನು ಹಂಚಿದರೆ ಏನಾಗುತ್ತದೆ? ಪಕ್ಕದ ತಮಿಳುನಾಡಿನಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು 320 ಅಂಗನವಾಡಿಗಳಲ್ಲಿ ಒಂದು ಪ್ರಯೋಗದ ಫಲ ಅಳೆದು ನೋಡಿದರು. ಲಾಟರಿಯಂತೆ ಆರಿಸಿದ ಕೇಂದ್ರಗಳಿಗೆ, ಪಾಠಕ್ಕೆಂದೇ ಅರ್ಧ ದಿನದ ಮಟ್ಟಿಗೆ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಡಲಾಯಿತು. ಹೊಸಬರಿಗೆ ದೊಡ್ಡ ತರಬೇತಿಯೇನೂ ಇರಲಿಲ್ಲ. ಆದರೂ ಪಾಠದ ಹೊತ್ತು ಇಮ್ಮಡಿಯಾಯಿತು. ಮಕ್ಕಳ ಲೆಕ್ಕ, ಭಾಷೆ ಎರಡೂ ಸುಧಾರಿಸಿದವು. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಫಲ. ಪಾಠದ ಹೊರೆ ಇಳಿದದ್ದರಿಂದ ಹಳೆಯ ಕಾರ್ಯಕರ್ತೆಗೆ ಮಕ್ಕಳ ಆರೋಗ್ಯದ ಕಡೆ ಗಮನ ಕೊಡಲು ಪುರುಸೊತ್ತು ಸಿಕ್ಕಿತು. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳ ಪ್ರಮಾಣವೂ ತೀವ್ರ ಅಪೌಷ್ಟಿಕತೆಯೂ ಇಳಿದವು. ಮಾಡಿದ ಖರ್ಚಿಗಿಂತ ಮುಂದೆ ಸಿಗುವ ಲಾಭ ಹಲವು ಪಟ್ಟು ಎಂದು ಅವರ ಅಂದಾಜು.

ಹಾಗೆಂದು ಫೀಸು ಹೆಚ್ಚಾದ ಕಡೆ ಎಲ್ಲ ಸರಿಯಿರುತ್ತದೆ ಎಂದುಕೊಳ್ಳಬೇಡಿ. ನಗರದಲ್ಲಿ ಕಟ್ಟಡದ ಬಾಡಿಗೆ, ಬೋರ್ಡು, ಬ್ರ್ಯಾಂಡಿನ ಹೆಸರಿಗೇ ದುಡ್ಡು ಹೋದರೆ ಟೀಚರ್ ಕೈಗೆ ಬರುವುದು ಅಷ್ಟಕ್ಕಷ್ಟೆ. ಸಂಬಳ ಸಾಲದವರು ವರ್ಷದ ನಡುವೆಯೇ ಕೆಲಸ ಬಿಡುತ್ತಾರೆ. ಆಗಷ್ಟೇ ಅಳು ನಿಲ್ಲಿಸಿದ ಮಗು ಮತ್ತೆ ಹೊಸಬರಿಗೆ ಹೊಂದಿಕೊಳ್ಳಬೇಕು. ಆದ್ದರಿಂದ ಟೀಚರ್ ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿ. ಸಾಧ್ಯವಾದರೆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮುಂಚೆ ತಿಳಿಸದೆ ಹೋಗಿ, ಅವರು ಮಕ್ಕಳ ಜೊತೆ ನೆಲದ ಮೇಲೆ ಕೂತಿದ್ದಾರೋ ರಿಜಿಸ್ಟರಿನ ಮುಂದೆ ಕೂತಿದ್ದಾರೋ ನೋಡಿ ಬನ್ನಿ.