ಮಗುವನ್ನು ಸೇರಿಸುವ ಮೊದಲು ಶಾಲೆಯನ್ನು ನೋಡಿರಿ

(ಕಾಸರಗೋಡು ಭಾಗದ ರಕ್ಷಕ-ಶಿಕ್ಷಕ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮಗುವನ್ನು ಒಂದನೇ ತರಗತಿಗೆ ಎಲ್ಲಿ ಸೇರಿಸಬೇಕೆಂಬ ಚಿಂತೆ ತಮ್ಮಲ್ಲಿ ಹಲವರಿಗೆ ಇದೆ. ಇಂತಹ ಸಭೆಗಳಲ್ಲಿ "ಕನ್ನಡ ಶಾಲೆಗೆ ಸೇರಿಸಿರಿ, ಕನ್ನಡವನ್ನು ಉಳಿಸಿರಿ" ಎಂದು ಹೇಳಿ ಚಪ್ಪಾಳೆ ಪಡೆದು ಕುಳಿತುಕೊಳ್ಳುವುದು ಬಹಳ ಸುಲಭ. ನಾನು ಹಾಗೆ ಹೇಳಲಾರೆ. ಭಾಷೆಯನ್ನು ಉಳಿಸುವ ಭಾರವನ್ನು ಎಳೆಯ ಮಗುವಿನ ಬೆನ್ನಿಗೆ ಹೊರಿಸುವುದು ನ್ಯಾಯವಲ್ಲ. ನಮ್ಮೂರಿನ ಸರಕಾರಿ ಕನ್ನಡ ಶಾಲೆಯಲ್ಲಿ ಪಾಠ ಚೆನ್ನಾಗಿ ನಡೆಯುತ್ತಿದ್ದರೆ ಧೈರ್ಯವಾಗಿ ಸೇರಿಸಿರಿ. ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಯಾರ ಬಾಯಿಂದಲೋ ಕೇಳದೆ ತಾವೇ ಹೋಗಿ ನೋಡಿರಿ.

ವಾರ್ಷಿಕೋತ್ಸವದ ದಿನ ಹೋಗಬೇಡಿ. ಅಂದು ಎಲ್ಲ ಶಾಲೆಗಳೂ ಚೆಂದವೇ. ಒಂದು ಮಂಗಳವಾರವೋ ಬುಧವಾರವೋ ಬೆಳಗ್ಗೆ ಹನ್ನೊಂದು ಗಂಟೆಗೆ ಹೋಗಿರಿ. ಗೋಡೆಯ ಮೇಲೆ ರೈಲಿನ ಚಿತ್ರ, ನೆಲಕ್ಕೆ ಟೈಲ್ಸ್, ತರಗತಿಯಲ್ಲಿ ಪ್ರೊಜೆಕ್ಟರ್ ಕಾಣಬಹುದು. ಇವೆಲ್ಲ ಬೇಡವೆಂದು ನಾನು ಹೇಳುವುದಿಲ್ಲ, ಆದರೆ ಇವುಗಳಿಂದ ಪಾಠದ ವಿಚಾರ ತಿಳಿಯುವುದಿಲ್ಲ. ಶೌಚಾಲಯ, ಕುಡಿಯುವ ನೀರು, ಮಧ್ಯಾಹ್ನದ ಊಟದ ಅಡುಗೆಮನೆ, ಇವನ್ನು ನೋಡಲು ಐದು ನಿಮಿಷ ಸಾಕು. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇ ಎಂಬುದನ್ನು ತಾಯಂದಿರು ಮರೆಯದೆ ನೋಡಬೇಕು.

ಉಳಿದ ಸಮಯವನ್ನು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಮೂರನೇ ಅಥವಾ ನಾಲ್ಕನೇ ತರಗತಿಯ ಗಣಿತ ಪಾಠಕ್ಕೆ ಕೊಡಿರಿ. ಕನ್ನಡ ಪಾಠವನ್ನು ಕನ್ನಡ ಬಲ್ಲವರೇ ಮಾಡುತ್ತಾರೆ, ಅಲ್ಲಿ ಸಂಶಯವಿಲ್ಲ. ಕನ್ನಡ ಮಾಧ್ಯಮವೆಂಬುದು ನಿಜವೋ ಹೆಸರಿಗೆ ಮಾತ್ರವೋ ಎಂಬುದು ತಿಳಿಯುವುದು ಗಣಿತ ಮತ್ತು ಪರಿಸರ ಅಧ್ಯಯನದ ಪಾಠಗಳಲ್ಲಿ. ಕಪ್ಪುಹಲಗೆಯ ಮೇಲೆ ಬರೆದದ್ದು ಕನ್ನಡವಾಗಿದ್ದು ಬಾಯಲ್ಲಿ ಬರುವ ವಿವರಣೆ ಮಲಯಾಳವಾಗಿದ್ದರೆ ಅದು ಕನ್ನಡ ಮಾಧ್ಯಮವಲ್ಲ. ಕನ್ನಡ ತಿಳಿಯದ ಅಧ್ಯಾಪಕರು ಕನ್ನಡ ತರಗತಿಗಳಿಗೆ ನೇಮಕಗೊಂಡು ಬಂದದ್ದನ್ನೂ, ಅದರ ವಿರುದ್ಧ ಮಕ್ಕಳೂ ರಕ್ಷಕರೂ ಬೀದಿಗಿಳಿದದ್ದನ್ನೂ ಈ ಜಿಲ್ಲೆ ಕಂಡಿದೆ. ಆ ಅಧ್ಯಾಪಕರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಹೊಟ್ಟೆಪಾಡಿಗಾಗಿ ಬಂದವರು, ಮಕ್ಕಳ ಮುಂದೆ ಬೆವರುವವರು. ನಷ್ಟ ಮಾತ್ರ ಮಗುವಿಗೆ.

ಆ ನಷ್ಟ ಅಂಕಪಟ್ಟಿಯಲ್ಲಿ ಕೂಡಲೇ ಕಾಣುವುದಿಲ್ಲ. ನನಗೆ ಗೊತ್ತಿರುವ ಒಬ್ಬ ತಾಯಿ ನಾಲ್ಕನೇ ತರಗತಿಯ ಮಗಳ ಲೆಕ್ಕದ ಪುಸ್ತಕವನ್ನು ತಂದು ತೋರಿಸಿದರು. ಕೂಡುವುದು, ಕಳೆಯುವುದು, ಗುಣಾಕಾರ, ಭಾಗಾಕಾರ ಎಲ್ಲವೂ ಸರಿಯಾಗಿತ್ತು. ಆದರೆ "96 ತೆಂಗಿನಕಾಯಿಗಳನ್ನು 8 ಸಮಾನ ರಾಶಿಗಳಾಗಿ ಮಾಡಿದರೆ ಒಂದು ರಾಶಿಯಲ್ಲಿ ಎಷ್ಟು?" ಎಂಬಂತಹ ಲೆಕ್ಕಗಳ ಕೆಳಗೆ ಪುಟಕ್ಕೆ ಪುಟವೇ ಖಾಲಿ. 96ನ್ನು 8ರಿಂದ ಭಾಗಿಸಲು ಆ ಹುಡುಗಿಗೆ ಬರುತ್ತಿತ್ತು. ಭಾಗಿಸಬೇಕೆಂದು ವಾಕ್ಯ ಹೇಳುತ್ತಿದೆ ಎಂಬುದು ತಿಳಿಯುತ್ತಿರಲಿಲ್ಲ. ಇಡೀ ವರ್ಷ ಅವಳು ಅಂಕೆಗಳನ್ನು ನೋಡಿ ಕಲಿತಿದ್ದಳು, ಮಾತನ್ನು ಕೇಳಿ ಕಲಿತಿರಲಿಲ್ಲ.

ಆದ್ದರಿಂದ ತಾವು ನೋಡಲು ಹೋದ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಒಂದೆರಡು ಲೆಕ್ಕದ ಪುಸ್ತಕಗಳನ್ನು ಕೇಳಿ ಬಿಡಿಸಿ ನೋಡಿರಿ. ವಾಕ್ಯರೂಪದ ಲೆಕ್ಕಗಳು ಬರೆಯಲ್ಪಟ್ಟಿವೆಯೇ? ಕೆಂಪು ಶಾಯಿಯ ಗುರುತು ಎಲ್ಲಿಯವರೆಗೆ ಬಂದಿದೆ? ತಿದ್ದಿದ ಕೊನೆಯ ದಿನಾಂಕವೇ ಎಷ್ಟೋ ಸಂಗತಿಯನ್ನು ಹೇಳುತ್ತದೆ. ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯನ್ನು ನೋಡಲು ಹೋದವರು ಅಲ್ಲಿಯೂ ಇದೇ ಪುಟಗಳನ್ನು ನೋಡಬೇಕೆಂದು ನನ್ನ ವಿನಂತಿ. ಇಂಗ್ಲಿಷಿನಲ್ಲಿ ಬರೆದ ಲೆಕ್ಕದ ಅರ್ಥವನ್ನು ಅಲ್ಲಿನ ಮಗು ತನ್ನ ಮಾತಿನಲ್ಲಿ ಹೇಳುತ್ತದೆಯೇ? ಟೈ, ಬೂಟು, ವ್ಯಾನುಗಳ ನಡುವೆ ಈ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಓದಿನ ವಿಷಯ. ಮೂರನೆಯ ತರಗತಿಯ ಮಗು ಎರಡನೆಯ ತರಗತಿಯ ಮಟ್ಟದ ಪಾಠವನ್ನು ತಡವರಿಸದೆ ಓದಬೇಕು. 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಯುತ್ತಾ ಬಂದ 'ಅಸರ್' ಸಮೀಕ್ಷೆಯೂ ಇದೇ ಅಳತೆಗೋಲನ್ನು ಬಳಸುತ್ತದೆ. ಆದರೆ ಪಠ್ಯಪುಸ್ತಕದ ಪಾಠವನ್ನೇ ಓದಿಸಬೇಡಿ. ನಮ್ಮ ಮಕ್ಕಳು ಚಿತ್ರ ನೋಡಿದ ಕೂಡಲೇ ಪಾಠವನ್ನು ಬಾಯಿಪಾಠವಾಗಿ ಒಪ್ಪಿಸುವಷ್ಟು ಜಾಣರು. ಮಕ್ಕಳ ಕತೆಪುಸ್ತಕವೊಂದನ್ನು ಕೈಚೀಲದಲ್ಲಿ ಕೊಂಡುಹೋಗಿ ಹೊಸ ಪುಟವನ್ನು ತೆರೆದು ಕೊಡಿರಿ. ಒತ್ತಕ್ಷರ ಬಂದಲ್ಲಿ ಮಗು ಒಂದು ಕ್ಷಣ ನಿಂತು ಮುಂದೆ ಹೋದರೆ ಚಿಂತೆಯಿಲ್ಲ. ಅಕ್ಷರ ಅಕ್ಷರವಾಗಿ ಕೂಡಿಸುತ್ತಿದ್ದರೆ, ಅಥವಾ ಓದಿದ ಮೇಲೆ ಕತೆ ಏನೆಂದು ಹೇಳಲಾಗದಿದ್ದರೆ, ಆ ತರಗತಿಯಲ್ಲಿ ಕೆಲಸ ಬಾಕಿ ಇದೆ ಎಂದರ್ಥ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ನಮ್ಮ ಶಾಲೆಗಳ ಎಷ್ಟೋ ಮಕ್ಕಳ ಮನೆಮಾತು ಪುಸ್ತಕದ ಕನ್ನಡವಲ್ಲ. ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಹೀಗೆ ಒಂದೊಂದು ಬೆಂಚಿನಲ್ಲಿ ಒಂದೊಂದು ಮಾತು. ಒಂದನೆಯ ತರಗತಿಯ ಅಧ್ಯಾಪಿಕೆ ತುಳುವಿನಲ್ಲಿ ಮಾತನಾಡಿದ ಮಗುವನ್ನು ಗದರಿಸುತ್ತಾರೋ, ಅಥವಾ ಅದೇ ಮಾತನ್ನು ಹಿಡಿದು ಕನ್ನಡಕ್ಕೆ ಕರೆತರುತ್ತಾರೋ ನೋಡಿರಿ. ನನ್ನ ಲೆಕ್ಕದಲ್ಲಿ ಇದು ಪ್ರೊಜೆಕ್ಟರಿಗಿಂತ ದೊಡ್ಡ ಸೌಕರ್ಯ.

ಮಲಯಾಳದ ಬಗ್ಗೆಯೂ ತಮ್ಮಲ್ಲಿ ಅಂಜಿಕೆ ಇದೆ. ಕಚೇರಿಯ ಕಾಗದ ಮಲಯಾಳದಲ್ಲಿ ಬರುತ್ತದೆ, ನಾಳೆ ಉದ್ಯೋಗಕ್ಕೂ ಅದು ಬೇಕು. ಅದನ್ನು ಒಂದು ಭಾಷೆಯಾಗಿ ಮಗು ಚೆನ್ನಾಗಿ ಕಲಿಯಲಿ, ಶಾಲೆ ಅದಕ್ಕೆ ಏನು ವ್ಯವಸ್ಥೆ ಮಾಡಿದೆ ಎಂದು ಕೇಳಿರಿ. ಭಾಷೆಯನ್ನು ಕಲಿಯುವುದು ಒಂದು, ತಿಳಿಯದ ಭಾಷೆಯಲ್ಲಿ ಗಣಿತ ಕಲಿಯುವುದು ಇನ್ನೊಂದು. ಇವೆರಡನ್ನು ಬೆರೆಸಿ ಮಾತನಾಡುವವರಿಂದ ನಮಗೆ ಬಹಳ ತೊಂದರೆಯಾಗಿದೆ.

ಮುಖ್ಯೋಪಾಧ್ಯಾಯರಲ್ಲಿ ಸಂಕೋಚವಿಲ್ಲದೆ ಕೇಳಬೇಕಾದವು ಇನ್ನೂ ಕೆಲವು ಇವೆ. ಎಷ್ಟು ಹುದ್ದೆಗಳಲ್ಲಿ ಖಾಯಂ ಅಧ್ಯಾಪಕರಿದ್ದಾರೆ, ಎಷ್ಟರಲ್ಲಿ ದಿನವೇತನದವರು? ಕಳೆದ ಒಂದು ವರ್ಷದಲ್ಲಿ ಒಂದೇ ತರಗತಿಗೆ ಎಷ್ಟು ಮಂದಿ ಬದಲಾದರು? ಕನ್ನಡ ಪಠ್ಯಪುಸ್ತಕಗಳು ಯಾವ ತಿಂಗಳಲ್ಲಿ ಕೈಸೇರಿದವು? ಅಧ್ಯಾಪಕರ ಕೈಪಿಡಿ ಕನ್ನಡದಲ್ಲಿ ಇದೆಯೇ? ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೇಳಿ ಓದಿರಿ. ಅನುವಾದ ತಮಗೇ ಅರ್ಥವಾಗದಿದ್ದರೆ ಮಗುವಿಗೆ ಅಂಕ ಬರಲಿಲ್ಲವೆಂದು ಬೈಯಬೇಡಿ. ಮಕ್ಕಳ ಸಂಖ್ಯೆ ಕಡಿಮೆಯೆಂಬ ಒಂದೇ ಕಾರಣಕ್ಕೆ ಮುಖ ತಿರುಗಿಸಲೂಬಾರದು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಐದನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಅಧ್ಯಾಪಕರು ಬೇಕೇಬೇಕು. ಹನ್ನೆರಡು ಮಕ್ಕಳ ತರಗತಿಯಲ್ಲಿ ಪ್ರತಿಯೊಂದು ಮಗುವಿನ ಓದನ್ನೂ ದಿನವೂ ಕೇಳಲು ಸಾಧ್ಯ, ಐವತ್ತರ ತರಗತಿಯಲ್ಲಿ ಸಾಧ್ಯವಿಲ್ಲ.

ಕೊರತೆ ಕಂಡರೆ ಏನು ಮಾಡಬೇಕು? ಬಾಯಿಮಾತಿನ ದೂರು ಜಗಲಿಯಲ್ಲೇ ಮುಗಿಯುತ್ತದೆ. ಬರೆದು ಕೊಡಿರಿ, ಸ್ವೀಕೃತಿ ಪಡೆಯಿರಿ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಈ ವಿಧಿಯೂ ಸಂವಿಧಾನಕ್ಕೆ ಸೇರಿತು. ಅದರ ಮುಂದಿನ 350-ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯ ಹುದ್ದೆ ಇದೆ. ಅಷ್ಟು ದೂರ ಹೋಗುವ ಮೊದಲು ಶಾಲಾ ನಿರ್ವಹಣಾ ಸಮಿತಿ ಇದೆ. 2009ರ ಕಾಯಿದೆಯಂತೆ ಅದರ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ರಕ್ಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಜತ್ತ, ಅಕ್ಕಲಕೋಟೆಯ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳ ರಕ್ಷಕರಿಗೂ ಈ ವಿಧಿಗಳು ಅಷ್ಟೇ ಅನ್ವಯ.

ಇನ್ನು ಕೇರಳದಲ್ಲಿರುವ ನಾವು ತಿಳಿದಿರಲೇಬೇಕಾದ ಒಂದು ದಿನವಿದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಕೆ ನಡೆಯುತ್ತದೆ. ಆ ಲೆಕ್ಕದ ಮೇಲೆಯೇ ಡಿವಿಜನ್, ಅಧ್ಯಾಪಕರ ಹುದ್ದೆ ಎಲ್ಲವೂ ನಿರ್ಧಾರವಾಗುತ್ತವೆ. "ಸ್ವಲ್ಪ ನೋಡಿ ಜುಲೈಯಲ್ಲಿ ಸೇರಿಸೋಣ" ಎಂದು ಕಾದವರ ಮಗು ಆ ಎಣಿಕೆಯಲ್ಲಿ ಇರುವುದಿಲ್ಲ. ನಾಲ್ಕು ಮನೆಯವರು ಹೀಗೆ ಕಾದರೆ, ಕನ್ನಡ ಬಲ್ಲ ಒಬ್ಬ ಅಧ್ಯಾಪಕರ ಹುದ್ದೆಯೇ ಹೋಗಬಹುದು. ಎಪ್ರಿಲ್, ಮೇ ರಜೆ. ಆದುದರಿಂದ ನೋಡುವ ಕೆಲಸವನ್ನು ಫೆಬ್ರವರಿಯಲ್ಲೇ ಮುಗಿಸಿರಿ, ಒಬ್ಬರೇ ಹೋಗಲು ಸಂಕೋಚವಾದರೆ ಅಕ್ಕಪಕ್ಕದ ಇಬ್ಬರನ್ನು ಜೊತೆಗೆ ಕರೆದುಕೊಳ್ಳಿರಿ.

ನನ್ನ ಶಾಲೆಯ ಬಾಗಿಲೂ ತಮಗೆ ತೆರೆದಿದೆ. ನನ್ನ ತರಗತಿಯ ಲೆಕ್ಕದ ಪುಸ್ತಕಗಳನ್ನೂ ಬಿಡಿಸಿ ನೋಡಬಹುದು. ಈಗ ತಮ್ಮ ಪ್ರಶ್ನೆಗಳನ್ನು ಕೇಳಿರಿ.