ಸೋಮವಾರ ಸಂಜೆಯ ಕಾರ್ಯಾಗಾರ
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಕದಿರೆ ರೆಮ್ಮವ್ವೆ, ಬಾಚಿಕಾಯಕದ ಬಸವಯ್ಯ. ಈ ಹೆಸರುಗಳನ್ನು ಪ್ರತಿ ಗೋಷ್ಠಿಯಲ್ಲೂ ಹೇಳುತ್ತೇವೆ. ಬಾಚಿ ಎಂದರೆ ಬಡಗಿ ಮರ ಕೆತ್ತುವ ಉಪಕರಣ. ಅದು ಒಬ್ಬ ಶರಣನ ಹೆಸರಿಗೇ ಅಂಟಿಕೊಂಡಿದೆ. ಇಲ್ಲಿ ಬಾಚಿ ಹಿಡಿದವರು ಕೈ ಎತ್ತಿ ಎಂದರೆ ಎತ್ತುವವರು ಹಿಂದಿನ ಸಾಲಿನವರು. ಅವರು ಹಿಂದೆ ಏಕೆ ಕುಳಿತಿದ್ದಾರೆ ಎಂಬುದನ್ನೂ ನಾವು ಯೋಚಿಸಬೇಕು.

ನಾನು ಫಿಟ್ಟರ್ ವಿಭಾಗದ ಬೋಧಕನಾಗಿ ನಿವೃತ್ತನಾದವನು. ವಯಸ್ಕರಿಗೆ ಮೊದಲ ಸಲ ಪಾಠ ಮಾಡಿದಾಗ ಹುಡುಗರಿಗೆ ಮಾಡಿದಂತೆಯೇ ಮಾಡಿದೆ. ಕಪ್ಪು ಹಲಗೆ, ನಕ್ಷೆ, ವ್ಯಾಖ್ಯೆ. ಎರಡು ವಾರದಲ್ಲಿ ಅರ್ಧ ಜನ ಬರುವುದನ್ನು ಬಿಟ್ಟರು. ತಪ್ಪು ನನ್ನದೇ. ನಲವತ್ತು ದಾಟಿದ ರೈತ ಬೆಂಚಿನ ಮೇಲೆ ಕುಳಿತು, ಮಗನ ವಯಸ್ಸಿನವರ ಎದುರು ‘ಗೊತ್ತಿಲ್ಲ’ ಎನ್ನಲು ನಾಚುತ್ತಾನೆ. ಅದೇ ಸುಟ್ಟ ಪಂಪ್‌ಸೆಟ್ ಮೋಟಾರೊಂದನ್ನು ಮುಂದಿಟ್ಟರೆ ಅವನೇ ಮಾತು ಶುರು ಮಾಡುತ್ತಾನೆ. ಮೂರು ಫೇಸಿನಲ್ಲಿ ಒಂದು ಹೋದಾಗ ಮೋಟಾರು ಗುಂಯ್‌ಗುಟ್ಟಿ ಬಿಸಿಯಾದದ್ದು ಅವನಿಗೆ ಗೊತ್ತು. ಉಳಿದೆರಡು ಸುರುಳಿಗಳ ಮೇಲೆ ಹೊರೆ ಬಿದ್ದು ಸುಟ್ಟಿತು ಎಂಬ ಕಾರಣವಷ್ಟೇ ಗೊತ್ತಿಲ್ಲ. ಆ ಕಾರಣವೇ ಮೊದಲ ಪಾಠ. ಹಳೆಯ ತಂತಿ ಬಿಚ್ಚುತ್ತ ಸುತ್ತುಗಳನ್ನು ಎಣಿಸಿ ಬರೆದುಕೊಳ್ಳಬೇಕು, ತಂತಿಯ ದಪ್ಪ ಅಳೆಯಬೇಕು. ಅಕ್ಷರ ಬಾರದವರೂ ಅಂಕಿ ಕಲಿಯುವುದು ಇಲ್ಲಿಂದಲೇ.

ಅರ ತಿಕ್ಕುವ ಪಾಠವೂ ಹಾಗೆಯೇ. ತಿಕ್ಕಿದ ಕಬ್ಬಿಣಕ್ಕೆ ಮೂಲೆಮಟ್ಟ ಹಿಡಿದು ಬೆಳಕಿನ ಕಡೆ ಎತ್ತುತ್ತೇವೆ. ಸಂದಿಯಲ್ಲಿ ಬೆಳಕು ಕಂಡರೆ ಇನ್ನೂ ತಿಕ್ಕಬೇಕು. ಅಲ್ಲಿ ಗೌಡರ ಮಗ, ಕೂಲಿಯವನ ಮಗ ಎಂಬ ದಾಕ್ಷಿಣ್ಯ ನಡೆಯುವುದಿಲ್ಲ. ವೆಲ್ಡಿಂಗ್‌ನಲ್ಲಿ ಮಾತ್ರ ಕಪ್ಪು ಗಾಜು ಮೊದಲು, ಕೆಲಸ ಆಮೇಲೆ. ಬರಿಗಣ್ಣಲ್ಲಿ ಬೆಸುಗೆ ನೋಡಿದವನಿಗೆ ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಸುರಿದಂತಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇದನ್ನು ಶೌರ್ಯವೆಂದು ತಿಳಿದವರಿದ್ದಾರೆ!

ದುಡಿಯುವವರಿಗೆ ದುಡಿಮೆಯ ಪಕ್ಕದಲ್ಲೇ ವಿದ್ಯೆ ಕೊಡುವುದು ಹೊಸ ವಿಚಾರವಲ್ಲ. 1967ರಲ್ಲಿ ಮುಂಬಯಿಯ ವರಳಿಯಲ್ಲಿ ಮೊದಲ ಶ್ರಮಿಕ ವಿದ್ಯಾಪೀಠ ತೆರೆಯಿತು. 2000ದಲ್ಲಿ ಆ ಸಂಸ್ಥೆಗಳಿಗೆ ಜನ ಶಿಕ್ಷಣ ಸಂಸ್ಥಾನವೆಂದು ಹೆಸರಾಯಿತು. 2023ರ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ, ಮೂಲ ತರಬೇತಿ ಒಂದು ವಾರದೊಳಗೆ ಮುಗಿಯುತ್ತದೆ. ಕಸುಬು ಬಲ್ಲವನಿಗೆ ಅಷ್ಟು ಸಾಕು. ಹೊಸದಾಗಿ ಕಲಿಯುವವನಿಗೆ ಒಂದು ವಾರದಲ್ಲಿ ಅರ ಹಿಡಿಯುವ ನಿಲುವೂ ಕೂಡುವುದಿಲ್ಲ.

ಅವನಿಗೆ ಜಾಗ ನಾವು ಕೊಡಬೇಕು. ನಮ್ಮ ಎಷ್ಟೋ ಮಠಗಳ ಆಶ್ರಯದಲ್ಲಿ ತಾಂತ್ರಿಕ ವಿದ್ಯಾಲಯಗಳಿವೆ. ಸಂಜೆಯಾದರೆ ಅವುಗಳ ಕಾರ್ಯಾಗಾರಕ್ಕೆ ಬೀಗ. ಬಸವಣ್ಣನ ವಾರವೆಂದು ಸೋಮವಾರ ಎತ್ತು ಹೂಡದ ಮನೆಗಳು ನಮ್ಮಲ್ಲಿ ಇನ್ನೂ ಇವೆ; ಆ ಸಂಜೆ ಬೀಗ ತೆಗೆಯಬಾರದೆ? ಬಿತ್ತನೆ, ಸುಗ್ಗಿಯಲ್ಲಿ ರಜೆ ಕೊಡೋಣ. ಹೆಣ್ಣುಮಕ್ಕಳನ್ನು ಹೊಲಿಗೆ ಯಂತ್ರಕ್ಕಷ್ಟೇ ಕೂರಿಸುವುದು ಬೇಡ, ಸುರುಳಿ ಸುತ್ತುವ ಕೆಲಸಕ್ಕೆ ಅವರ ತಾಳ್ಮೆ ಬೇಕು.

‘ಬಡಗಿತನ, ಕಮ್ಮಾರಿಕೆ ನಮ್ಮವರ ಕೆಲಸವಲ್ಲ’ ಎಂದು ಹಿರಿಯರೊಬ್ಬರು ನನಗೆ ಹೇಳಿದರು. ಅದೇ ಬಾಯಲ್ಲಿ ಅವರು ಬೆಳಗ್ಗೆ ಶರಣರ ಕಾಯಕವನ್ನು ಕೊಂಡಾಡಿದ್ದರು. ಅವರ ಮಗ ಪದವಿ ಮುಗಿಸಿ ನಾಲ್ಕು ವರ್ಷದಿಂದ ಮನೆಯಲ್ಲಿದ್ದಾನೆ. ನಾನು ಎದುರು ಮಾತಾಡಲಿಲ್ಲ, ಮಗನನ್ನು ಕಳಿಸಿ ಎಂದೆ. ಇನ್ನೂ ಬಂದಿಲ್ಲ.

ಬುದ್ಧಿಯವರು ದಾಸೋಹ ಮನೆಯ ಹಿಂದಿನ ಶೆಡ್ಡನ್ನು ಬಿಟ್ಟುಕೊಟ್ಟಿದ್ದಾರೆ. ಬರುವ ಸೋಮವಾರ ಸಂಜೆ ಆರೂವರೆಗೆ ಎರಡು ಸುಟ್ಟ ಮೋಟಾರು, ಆರು ಅರ ಅಲ್ಲಿರುತ್ತವೆ. ಯಾವ ಜಾತಿಯವರೇ ಆಗಲಿ, ಬನ್ನಿ. ನಿಮ್ಮ ಮನೆಯಲ್ಲೂ ಸುಟ್ಟದ್ದಿದ್ದರೆ ಹೊತ್ತು ತನ್ನಿ.